ಕಾಶಿಯಲ್ಲಿ ಹುಟ್ಟಿದ ಕೊಡಗಿನ ರಾಜಕುಮಾರಿ

ಪ್ರೀತಿಯ ತಂಗಿ,

ರಾಜಕುಮಾರಿ ಗೌರಮ್ಮನ ಮೇಲೆ ನೀನು ಬರೆಯುತ್ತಿರುವ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಲಂಡನ್ನಿನಲ್ಲಿ ಕೂತು ಮಡಿಕೇರಿಯ ಮಂಜು ನೆನೆದು ಅಳುತ್ತಾಳಲ್ಲ, ಆ ಭಾಗ ತೆಗೆದುಬಿಡು. ಅವಳು ಕೊಡಗಿನಲ್ಲಿ ಹುಟ್ಟಿದವಳೇ ಅಲ್ಲ. ಕಂಪನಿ ಸರ್ಕಾರ ಅವಳ ಅಪ್ಪ, ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದ್ದು 1834ರಲ್ಲಿ. ಇವಳು ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ಕೊಡಗು ಅವಳಿಗೆ ದೊಡ್ಡವರ ಬಾಯಲ್ಲಿ ಕೇಳಿದ ನಾಡು.

ಊರಿನ ಹಂಬಲ ಅಪ್ಪನಿಗೆ ಇದ್ದಿರಬಹುದು. ಅವನನ್ನೂ ಸುಮ್ನೆ ನಿಟ್ಟುಸಿರು ಬಿಡುತ್ತಾ ಕೂರಿಸಬೇಡ. 1852ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದಾಗ ಅವನಿಗೆ ಇನ್ನೊಂದು ಕೆಲಸವೂ ಇತ್ತು. ಕಂಪನಿಯ ಬಳಿ ಉಳಿದುಹೋಗಿದ್ದ ಮನೆತನದ ಹಣ ವಾಪಸ್ ಬೇಕಿತ್ತು. ರಾಜ್ಯ ಕಿತ್ತುಕೊಂಡವರ ಮೇಲೆ ಅವರದೇ ದೇಶದ ಕೋರ್ಟಿನಲ್ಲಿ ದಾವೆ ಹೂಡಿದ! ಅರ್ಜಿ, ವಕೀಲರು, ಉತ್ತರಕ್ಕಾಗಿ ಕಾಯುವುದು, ಇವನ್ನೆಲ್ಲ ವಿವರವಾಗಿ ಬರಿ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಅವನ ಕ್ರೌರ್ಯದ ಕಥೆಗಳನ್ನು ಬಳಸುವಾಗ ಮಾತ್ರ ಹುಷಾರು. ರಾಜ್ಯ ತೆಗೆದುಕೊಂಡವರಿಗೆ ಆ ಕಥೆಗಳು ಬೇಕಾಗಿದ್ದವು, ಅಲ್ವಾ?

ಇನ್ನು ಗೌರಮ್ಮ. ನನಗೆ ಸಂಕಟವಾಗುವುದು ಇಲ್ಲಿ. ಹನ್ನೊಂದರ ಹರೆಯಕ್ಕೆ ಕ್ರೈಸ್ತ ದೀಕ್ಷೆ. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರು ಕೊಟ್ಟಳು. ಬೆಳೆದದ್ದು ಇಂಗ್ಲಿಷರ ಮನೆಗಳಲ್ಲಿ, ಅಪ್ಪನ ಜೊತೆಯಲ್ಲಲ್ಲ. ಪಂಜಾಬಿನ ಗದ್ದುಗೆ ಕಳೆದುಕೊಂಡ ದಲೀಪ್ ಸಿಂಗ್‌ಗೆ ಅವಳನ್ನು ಕೊಡಬೇಕೆಂದು ರಾಣಿಗೆ ಆಸೆಯಿತ್ತು. ಆತ ಒಪ್ಪಲಿಲ್ಲ. 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಜೊತೆ ಮದುವೆಯಾಯಿತು. ಅವನು ಅವಳಿಗಿಂತ ಸುಮಾರು 30 ವರ್ಷ ದೊಡ್ಡವನು. ಒಬ್ಬ ಮಗಳು ಹುಟ್ಟಿದಳು. 1864ರಲ್ಲಿ, 23 ತುಂಬುವ ಮೊದಲೇ, ಗೌರಮ್ಮ ಹೋಗಿಬಿಟ್ಟಳು.

ಇದರಲ್ಲಿ ಅವಳೇ ಆರಿಸಿಕೊಂಡದ್ದು ಎಷ್ಟು? ನಿನ್ನ ಕಾದಂಬರಿ ಈ ಪ್ರಶ್ನೆಯ ಹಿಂದೆ ಹೋಗಲಿ. ಹಾಗಂತ ರಾಣಿಯನ್ನು ಖಳನಾಯಕಿ ಮಾಡಬೇಡ. ಅವಳಿಗೆ ಈ ಹುಡುಗಿಯ ಮೇಲೆ ನಿಜವಾಗಿಯೂ ಅಕ್ಕರೆ ಇತ್ತು. ಅಕ್ಕರೆಯಿಂದಲೇ ಇನ್ನೊಬ್ಬರ ಬದುಕನ್ನು ತಾವೇ ನಿರ್ಧರಿಸುವವರನ್ನು ಬರೆಯುವುದು ಜಾಸ್ತಿ ಕಷ್ಟ. ಆ ಕಷ್ಟವನ್ನು ತಪ್ಪಿಸಿಕೊಳ್ಳಬೇಡ.

ಮೂರನೇ ಅಧ್ಯಾಯವನ್ನು ದಲೀಪ್ ಸಿಂಗ್ ಜೊತೆಗಿನ ಮದುವೆಯ ಮಾತುಕತೆಯಿಂದ ಶುರುಮಾಡಿ ನೋಡು. ಅಲ್ಲಿ ಅವಳ ಅಭಿಪ್ರಾಯವನ್ನು ಯಾರಾದರೂ ಕೇಳುತ್ತಾರಾ, ಕೇಳಿದರೆ ಏನು ಹೇಳುತ್ತಾಳೆ, ಅದನ್ನು ನೀನೇ ಕಂಡುಕೊಳ್ಳಬೇಕು. ಬರೆದು ಕಳಿಸು, ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಅಣ್ಣ