ದುಡ್ಡು ಕೊಟ್ಟು ಅಕ್ಕನನ್ನು ಸಂಪಾದಿಸಿದ ಕತೆ

ಲೋ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಮೊದಲ ಸಲ ನಗು ಬಂತು, ಎರಡನೇ ಸಲ ಸಿಟ್ಟು. "ಅಮೆರಿಕಕ್ಕೆ ಹೋಗಿ ದುಡ್ಡು ಕೊಟ್ಟು ಫ್ರೆಂಡ್ಸ್ ಕೊಂಡ್ಕೊಂಡಿದ್ದೀಯಂತೆ" ಅಂದೆಯಲ್ಲ, ಅದಕ್ಕೆ ಮೆಸೇಜಿನಲ್ಲೇ ಉತ್ತರ ಕೊಟ್ಟರೆ ಜಗಳ ಗ್ಯಾರಂಟಿ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ಬೇರೆಯವರೂ ಓದಲಿ, ಪರವಾಗಿಲ್ಲ. ನನ್ನ ಚಿಕ್ಕಪ್ಪನೂ ಇದನ್ನೇ ಕೇಳಿದ್ದಾರೆ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಹೌದು, ನಾನು ಸೇರಿದ ಸೊರಾರಿಟಿಗೆ, ಅಂದರೆ ಇಲ್ಲಿನ ಕಾಲೇಜು ಹುಡುಗಿಯರ ಸಂಘಕ್ಕೆ, ಸೆಮಿಸ್ಟರಿಗೆ ಇಷ್ಟು ಅಂತ ಕಟ್ಟಬೇಕು. ನನಗೂ ಹೊಟ್ಟೆ ಉರಿಯುತ್ತದೆ. ಒಂದು ಡಾಲರ್ ಖರ್ಚಾದರೂ ಮನಸ್ಸಲ್ಲೇ ರೂಪಾಯಿಗೆ ಗುಣಿಸುವ ಚಟ ಇನ್ನೂ ಬಿಟ್ಟಿಲ್ಲ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ ಬಂದ ದುಡ್ಡಲ್ಲಿ ಕಟ್ಟುತ್ತೇನೆ, ಅಪ್ಪನ ಹತ್ತಿರ ಕೇಳುವುದಿಲ್ಲ. ಗ್ರೀಕ್ ಅಕ್ಷರದ ಟೀ ಶರ್ಟು, ಹೊರಗಿನವರಿಗೆ ಹೇಳಬಾರದ ಶಾಸ್ತ್ರಗಳು, ಇವೆಲ್ಲ ನನಗೆ ಈಗಲೂ ಸ್ವಲ್ಪ ನಾಟಕ ಅನ್ನಿಸುತ್ತದೆ. ನಮ್ಮ ಗುರುತಿನ ಪ್ರಾಣಿ ಪೆಂಗ್ವಿನ್. ನಗು, ನಗು.

ನನ್ನ ಸೊರಾರಿಟಿಯ ಹೆಸರು ಫೈ ಸಿಗ್ಮಾ ರೋ, ಮೂರು ಗ್ರೀಕ್ ಅಕ್ಷರ; ಎಂಜಿನಿಯರಿಂಗ್ ಓದುವವರದ್ದು. ಶುರುವಾದದ್ದು ಇಂಡಿಯಾನಾದ ಪರ್ಡ್ಯೂ ಯೂನಿವರ್ಸಿಟಿಯಲ್ಲಿ, 1984ರ ಸೆಪ್ಟೆಂಬರ್ 24ರಂದು. ಅದಕ್ಕೆ ಮೊದಲು ಕೈ ಹಾಕಿದ ಇಬ್ಬರಲ್ಲಿ ಒಬ್ಬರು ಅಬಿ ಮ್ಯಾಕ್‌ಡೊನಾಲ್ಡ್, ಇನ್ನೊಬ್ಬರು ರಶ್ಮಿ ಖನ್ನಾ. ರಶ್ಮಿ ಕಣೋ! ನಮ್ಮ ಪಿಯು ಕ್ಲಾಸಲ್ಲೇ ಮೂರು ಜನ ರಶ್ಮಿ ಇದ್ದರಲ್ಲ. ಮಾಮೂಲಿ ಸೊರಾರಿಟಿಗಳಿಗೆ ಸೇರುವ ಮುಂಚೆ ದಿನಗಟ್ಟಲೆ ಅವರ ಮನೆ ಮನೆ ಸುತ್ತಿ, ಮಾತಾಡಿ, ಅವರು ನಿನ್ನನ್ನು ಒಪ್ಪಬೇಕು. 'ರಶ್' ಅನ್ನುತ್ತಾರೆ, ಹೆಣ್ಣು ನೋಡುವ ಶಾಸ್ತ್ರದ ಥರ. ಎಂಜಿನಿಯರಿಂಗ್ ಓದಿನ ಮಧ್ಯೆ ಈ ಇಬ್ಬರಿಗೆ ಅದಕ್ಕೆ ಟೈಮ್ ಎಲ್ಲಿ? ಸರಿ, ನಮ್ಮದೇ ಒಂದು ಮಾಡಿಕೊಳ್ಳೋಣ ಅಂದರು. ಅಷ್ಟೇ ಕತೆ. ಕ್ರಾಂತಿ ಗಿಂತಿ ಏನಿಲ್ಲ, ಟೈಮ್ ಟೇಬಲ್ ಸಮಸ್ಯೆ. ಹಿಂದಿನ ವರ್ಷವೇ ಮಿಲ್ವಾಕಿಯ ಮಾರ್ಕೆಟ್ ಯೂನಿವರ್ಸಿಟಿಯಲ್ಲಿ ಆಲ್ಫಾ ಒಮೇಗಾ ಎಪ್ಸಿಲಾನ್ ಅಂತ ಇಂಥದ್ದೇ ಇನ್ನೊಂದು ಹುಟ್ಟಿತ್ತು. ಹಾಗಾಗಿ ಈ ತಲೆಬಿಸಿ ಒಂದೇ ಊರಿನದ್ದಲ್ಲ.

ನಾನು ಯಾಕೆ ಸೇರಿದೆ? ನಿನಗೆ ಇದನ್ನು ಹೇಳಿರಲಿಲ್ಲ. ಮೊದಲ ವರ್ಷ ನಾಲ್ಕು ಜನರ ಗುಂಪು ಮಾಡಿ ಒಂದು ಪುಟ್ಟ ಗಾಡಿ ಕಟ್ಟಿಸಿದರು, ಗೆರೆ ಹಿಡಿದು ತಾನೇ ಓಡುವಂಥದ್ದು. ಮೂರು ಹುಡುಗರು, ನಾನೊಬ್ಬಳು. ಒಳ್ಳೆಯ ಹುಡುಗರೇ. ಮೊದಲ ದಿನವೇ ಒಬ್ಬ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟ, ನಿನ್ನ ಅಕ್ಷರ ಚೆನ್ನಾಗಿದೆ ಅಂದ. ನಾನು ಥ್ಯಾಂಕ್ಸ್ ಬೇರೆ ಹೇಳಿದೆ! ಇಡೀ ಸೆಮಿಸ್ಟರ್ ಅವರು ತಂತಿ ಜೋಡಿಸಿದರು, ನಾನು ಅವರು ಜೋಡಿಸಿದ್ದನ್ನು ಬರೆದೆ. ಕೊನೆಗೆ ನಾಲ್ವರಿಗೂ ಒಂದೇ ಮಾರ್ಕ್ಸ್ ಬಂತು, ನನಗೆ ಮಾತ್ರ ಸೋಲ್ಡರಿಂಗ್, ಅಂದರೆ ಲೋಹ ಕರಗಿಸಿ ತಂತಿ ಬೆಸೆಯುವುದು, ಬರಲಿಲ್ಲ. ಯಾರ ಮೇಲೆ ದೂರು ಹೇಳಲಿ? ಯಾರೂ ಬೈದಿಲ್ಲ, ತಡೆದಿಲ್ಲ.

ಸೊರಾರಿಟಿ ಸೇರಿದ ಮೇಲೆ ಇದನ್ನು ನನ್ನ 'ಬಿಗ್' ಹತ್ತಿರ ಹೇಳಿದೆ. ಹೊಸದಾಗಿ ಬಂದವರಿಗೆ ಒಬ್ಬ ಸೀನಿಯರನ್ನು ಗಂಟು ಹಾಕುತ್ತಾರೆ. ಅವಳು ಬಿಗ್, ನೀನು ಲಿಟಲ್. ನೋಡು, ಸೊರಾರಿಟಿ ಅನ್ನುವುದರ ಮೂಲ ಲ್ಯಾಟಿನ್ನಿನ 'ಸೊರೊರ್'. ಒಡಹುಟ್ಟಿದವಳು ಅಂತ ಅರ್ಥ, ಆದರೆ ಅಕ್ಕನೋ ತಂಗಿಯೋ ಅದು ಹೇಳುವುದಿಲ್ಲ. ನಮಗೆ ಅದು ಗೊತ್ತಾಗದೆ ಮಾತೇ ಹೊರಡುವುದಿಲ್ಲ, ಅಲ್ವಾ? ಇಲ್ಲಿಯವರು ಅದಕ್ಕೆ ದೊಡ್ಡದು ಚಿಕ್ಕದು ಅಂತ ಸೇರಿಸಿಕೊಂಡಿದ್ದಾರೆ. ನಾನು ಅವಳನ್ನು ಅಕ್ಕಾ ಅಂತಲೇ ಕರೆಯುತ್ತೇನೆ. ಅವಳ ಬಾಯಲ್ಲಿ ಅದು 'ಆಕಾ' ಆಗಿದೆ.

ಅವಳು ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. ಮುಂದಿನ ಶನಿವಾರ ಹಾಳಾದ ಒಂದು ಸರ್ಕ್ಯೂಟ್ ಬೋರ್ಡು, ಸೋಲ್ಡರಿಂಗ್ ಐರನ್ ತಂದು ಅಡುಗೆಮನೆ ಟೇಬಲ್ ಮೇಲಿಟ್ಟಳು. ನಾನು ಸೋಲ್ಡರನ್ನು ಐರನ್ ತುದಿಯಲ್ಲಿ ಕರಗಿಸಿ, ಹನಿಯನ್ನು ಹೊತ್ತುಕೊಂಡು ಹೋಗಿ ಅಂಟಿಸಲು ನೋಡಿದೆ. ಮಂಕಾದ ಉಂಡೆ ಕೂತಿತು. ತಂತಿ ಎಳೆದಳು, ಕಿತ್ತು ಕೈಗೆ ಬಂತು. ಮೊದಲು ಜಾಗ ಬಿಸಿ ಮಾಡು, ತಂತಿಯೂ ಬಿಸಿಯಾಗಲಿ, ಆಮೇಲೆ ಸೋಲ್ಡರ್ ತಾಗಿಸು, ಅದೇ ಒಳಗೆ ಹರಿದುಕೊಳ್ಳುತ್ತದೆ ಅಂದಳು. ಹನ್ನೊಂದನೆಯದ್ದೋ ಹನ್ನೆರಡನೆಯದ್ದೋ ಫಳಕ್ಕನೆ ಹೊಳೆಯಿತು. ಆ ಹೊಗೆಯ ವಾಸನೆ ನಮ್ಮ ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯದ್ದೇ. ಅಲ್ಲಿ ಎಷ್ಟು ಸಲ ಹೊರಗೆ ನಿಂತಿದ್ದೇನೆ! ನೀನು ಒಳಗೆ ಹೋಗಿ ಸ್ಟೂಲ್ ಹಾಕಿಕೊಂಡು ಕೂತು ನೋಡುತ್ತಿದ್ದೆ, ನೆನಪಿದೆಯಾ?

ಇಲ್ಲಿರುವವರೆಲ್ಲ ಹುಡುಗಿಯರೂ ಅಲ್ಲ. ಹುಡುಗ, ಹುಡುಗಿ ಎರಡೂ ನಾನಲ್ಲ ಅನ್ನುವವರಿಗೂ ಜಾಗ ಇದೆ. ನನ್ನ ಜೊತೆಗೇ ಸೇರಿದ ಒಬ್ಬರಿದ್ದಾರೆ, ಹೀ, ಶೀ ಬೇಡ, 'ದೇ' (they) ಅಂತ ಕರೆಯಿರಿ ಅಂದರು. ಇಂಗ್ಲಿಷಿನಲ್ಲಿ ಎಲ್ಲರೂ ದಿನಕ್ಕೆ ನಾಲ್ಕು ಸಲ ತಪ್ಪಿ ಸಾರಿ ಕೇಳುತ್ತಿರುತ್ತಾರೆ. ನನಗೆ ಕನ್ನಡದಲ್ಲಿ ಒಂದು ಚೂರೂ ಕಷ್ಟವಿಲ್ಲ: ಅವರು ಬಂದರು, ಅವರು ಊಟ ಮಾಡಿದರು, ಮುಗಿಯಿತು. ಕಷ್ಟ ಆದದ್ದು ಅಮ್ಮನಿಗೆ. ಫೋನಿನಲ್ಲಿ ಅವರು ಅವರು ಅನ್ನುತ್ತಿದ್ದರೆ, "ನಿಮ್ಮ ಲೆಕ್ಚರರೇನೇ?" ಅಂದಳು. ನನ್ನ ವಯಸ್ಸಿನವರೇ ಅಮ್ಮಾ ಅಂದೆ. "ಮತ್ಯಾಕೆ ಅಷ್ಟು ಮರ್ಯಾದೆ?" ಅರ್ಧ ಗಂಟೆ ವಿವರಿಸಿದೆ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಮೊನ್ನೆ ಕೂಡ "ಅವರಿಗೆ ಜ್ವರ ಬಿಡ್ತಾ?" ಅಂತ ಕೇಳಿದಳು.

ನೀನು ಮುಂದೆ ಏನು ಹೇಳುತ್ತೀಯ ಅಂತಲೂ ಗೊತ್ತು. ರಾಜೇಶ್ವರಿ ಚಟರ್ಜಿ ಯಾವ ಸೊರಾರಿಟಿ ನಂಬಿಕೊಂಡು ಓದಿದರು ಅನ್ನುತ್ತೀಯ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1947ರಲ್ಲಿ ಮಿಶಿಗನ್‌ಗೆ ಹೋಗಿ ಎಲೆಕ್ಟ್ರಿಕಲ್ ಎಂಜಿನಿಯರಿಂಗಿನಲ್ಲಿ ಮಾಸ್ಟರ್ಸ್, ಪಿಎಚ್‌ಡಿ ಮಾಡಿ, 1953ರಲ್ಲಿ ವಾಪಸ್ ಬಂದು ಐಐಎಸ್‌ಸಿಯಲ್ಲಿ ಮೈಕ್ರೋವೇವ್, ಆಂಟೆನಾ ಕಲಿಸಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅನ್ನುತ್ತಾರೆ ಅವರನ್ನು. ನಿಜ, ಒಪ್ಪಿದೆ. ಆದರೆ ಇಷ್ಟು ವರ್ಷ ಲಾಂಚಲ್ಲೇ ದಾಟಿದೆವಲ್ಲ ಅಂತ ಸಿಗಂದೂರಿನ ಕಡೆಯವರು ಸೇತುವೆ ಕೇಳುವುದು ಬಿಟ್ಟರಾ? ರಾಜೇಶ್ವರಿಯವರು ಅಮೆರಿಕದಲ್ಲಿದ್ದಾಗಲೇ, 1950ರಲ್ಲಿ, ಇಲ್ಲಿನ ಮಹಿಳಾ ಎಂಜಿನಿಯರುಗಳು ಸೇರಿ ಸೊಸೈಟಿ ಆಫ್ ವಿಮೆನ್ ಎಂಜಿನಿಯರ್ಸ್ ಕಟ್ಟಿಕೊಂಡಿದ್ದರು. ಅವರಿಗೂ ಒಬ್ಬೊಬ್ಬರೇ ಇದ್ದು ಸಾಕಾಗಿತ್ತು ಅನ್ನಿಸುತ್ತದೆ.

ಈ ಸಲ ನಾನೂ ಬಿಗ್ ಆಗುತ್ತಿದ್ದೇನೆ. ಹಾಳಾದ ಬೋರ್ಡು ಹುಡುಕಿ ಇಟ್ಟಿದ್ದೇನೆ.

ಅಂದ ಹಾಗೆ, ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಬ್ಯಾಚಿನಲ್ಲಿ ಒಬ್ಬಳೇ ಹುಡುಗಿ ಇದ್ದಾಳೆ ಅಂದಿದ್ದೆಯಲ್ಲ. ರಿಪೋರ್ಟ್ ಯಾರು ಬರೆಯುತ್ತಿರುವುದು? ವಾಯ್ಸ್ ಮೆಸೇಜ್ ಬೇಡ, ಬರೆದು ತಿಳಿಸು.

ಇತಿ,
ನಿನ್ನ ಹಳೇ ಲ್ಯಾಬ್ ಪಾರ್ಟ್ನರ್