ಥೋರಂಗ್ ಲಾ ಹಾದಿಯಲ್ಲಿ ಸಿಕ್ಕ ಅಣ್ಣನಿಗೆ

ಅಣ್ಣಾ, ನಿಮಗೆ ಕನ್ನಡ ಬರಲ್ಲ, ನಿಮ್ಮ ಹೆಸರೂ ನಮಗೆ ಗೊತ್ತಿಲ್ಲ. ಆದ್ರೂ ನಾಲ್ಕು ಜನರ ಮುಂದೆ ಹೇಳಲೇಬೇಕು ಅನ್ನಿಸಿತು.

ನೇಪಾಳದ ಚಾರಣದ ಹಾದಿ ಅನ್ನಪೂರ್ಣ ಸರ್ಕ್ಯೂಟ್‌ನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಥೋರಂಗ್ ಲಾ ಪಾಸ್, ಅಂದ್ರೆ ಬೆಟ್ಟಸಾಲು ದಾಟುವ ದಾರಿ, 5,416 ಮೀಟರ್ ಎತ್ತರ. ಹೊತ್ತೇರಿದ ಮೇಲೆ ಅಲ್ಲಿ ಗಾಳಿ ಜಾಸ್ತಿ, ಅದಕ್ಕೇ ಎಲ್ಲರೂ ನಸುಕಿನಲ್ಲೇ ಹೊರಡುತ್ತಾರೆ. ನಾವು ಹೊರಡಬೇಕಿದ್ದ ಹಿಂದಿನ ಸಂಜೆ, ಪಾಸ್‌ನ ಬುಡದಲ್ಲಿರುವ ಥೋರಂಗ್ ಫೇದಿಯಲ್ಲಿ ನನ್ನ ತಮ್ಮನಿಗೆ ತಲೆನೋವು, ವಾಂತಿ. ಸುಸ್ತಾಗಿರಬೇಕು, ಮಲಗಿದ್ರೆ ಸರಿಹೋಗುತ್ತೆ ಅಂತ ಸುತ್ತ ಇದ್ದವರು ಹೇಳುತ್ತಿದ್ದರು. ನೀವು ಬೇರೆ ತಂಡದ ಪೋರ್ಟರ್, ಒಲೆ ಪಕ್ಕ ಟೀ ಕುಡಿಯುತ್ತಾ ಕೂತಿದ್ದವರು ಲೋಟ ಅಲ್ಲೇ ಇಟ್ಟು ಎದ್ದು ಬಂದು, ನೆಲದ ಹಲಗೆಯ ಗೆರೆ ತೋರಿಸಿ, ಒಂದು ಪಾದದ ತುದಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡಿ ಅಂದಿರಿ. ಮೂರನೇ ಹೆಜ್ಜೆಗೇ ಅವನು ವಾಲಿದ. "ಈಗಲೇ ಕೆಳಗೆ" ಅಂತ ಹಿಂದಿಯಲ್ಲಿ ಹೇಳಿದಿರಿ, ಅಷ್ಟೇ.

ಎತ್ತರದಲ್ಲಿ ಆಮ್ಲಜನಕ ಸಾಲದೆ ಮಿದುಳು ಊದಿಕೊಂಡಾಗ ನಡಿಗೆ ಹೀಗೆ ತಪ್ಪುತ್ತೆ, ಆಗ ತಕ್ಷಣ ಇಳಿಯೋದೇ ಮೊದಲ ಚಿಕಿತ್ಸೆ. ಬೆಳಗಿನ ತನಕ ಕಾದಿದ್ರೆ ಏನಾಗುತ್ತಿತ್ತೋ. ಆ ಕತ್ತಲಲ್ಲಿ, ಕಲ್ಲು ಜಾರುವ ಹಾದಿಯಲ್ಲಿ, ಅವನ ಬ್ಯಾಗ್ ನಿಮ್ಮ ಎದೆಗೆ ಕಟ್ಟಿಕೊಂಡು, ಅವನ ಬೆಲ್ಟ್ ಹಿಡಿದು ನಡೆಸಿದಿರಿ. ಮರುದಿನ ಕೆಳಗಿನ ಊರು ಮನಾಂಗ್‌ನ ಡಾಕ್ಟರ್ ಕೈಗೆ ಒಪ್ಪಿಸಿದ ಮೇಲೇ ಕೈ ಬಿಟ್ಟದ್ದು. ದುಡ್ಡು ಕೊಡಲು ಹೋದರೆ ಬೇಡ ಅಂತ ತಲೆ ಅಲ್ಲಾಡಿಸಿ, ನಿಮ್ಮ ತಂಡವನ್ನು ಸೇರಬೇಕು ಅಂತ ಅದೇ ಏರು ಮತ್ತೆ ಹತ್ತಿದಿರಿ.

ತಮ್ಮ ಚೆನ್ನಾಗಿದ್ದಾನೆ ಅಣ್ಣಾ. ನಮ್ಮ ಅಮ್ಮ ದಿನಾ ದೀಪ ಹಚ್ಚುವಾಗ ನಿಮ್ಮನ್ನು ನೆನೆಯುತ್ತಾರೆ. ನಿಮಗೂ ನಿಮ್ಮ ಮನೆಯವರಿಗೂ ನಮ್ಮೆಲ್ಲರ ಧನ್ಯವಾದ.