ಹೆಸರು ತಿಳಿಯದ ಆ ಸಿಸ್ಟರ್‌ಗೆ ಧನ್ಯವಾದ

ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಹುದ್ದೆಗೆ ನೇರ ಸಂದರ್ಶನವಿತ್ತು. ಕಾರಿಡಾರಿನ ತುಂಬ ಹುಡುಗಿಯರು; ಎಲ್ಲರ ಬಯೊಡೇಟಾದಲ್ಲೂ ‘ಕಷ್ಟಪಟ್ಟು ದುಡಿಯುವವಳು’ ಎಂಬ ಅದೇ ಸಾಲು. ನನ್ನ ಅಂಗೈ ಬೆವರುತ್ತಿತ್ತು.

ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ ನೀವು ನನ್ನ ಪಕ್ಕದಲ್ಲಿ ನಿಂತು, ‘ಎಲ್ಲಿ ಕೊಡಮ್ಮಾ, ನೋಡೋಣ’ ಎಂದು ಫೈಲು ತೆಗೆದುಕೊಂಡಿರಿ. ಅಂಕಪಟ್ಟಿಗಳ ಅಡಿಯಲ್ಲಿದ್ದ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪ್ರಮಾಣಪತ್ರವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿರಿ. ಅದರ ಹಿಂದೆ ಬಿಎಲ್‌ಎಸ್ (ತುರ್ತು ಜೀವರಕ್ಷಣೆಯ ತರಬೇತಿ) ಪ್ರಮಾಣಪತ್ರ, ಆಮೇಲೆ ಅನುಭವ ಪತ್ರ.

ಬಯೊಡೇಟಾದಲ್ಲಿ ‘ಐಸಿಯು ಅನುಭವ’ ಎಂಬಲ್ಲಿ ಗೆರೆ ಎಳೆದು ಕೇಳಿದಿರಿ: ಎಷ್ಟು ಹಾಸಿಗೆಯ ಐಸಿಯು? ವೆಂಟಿಲೇಟರ್ ಮೇಲಿದ್ದವರನ್ನು ನೋಡಿಕೊಂಡಿದ್ದೀಯಾ? ಸಕ್ಷನ್ (ಶ್ವಾಸನಾಳದ ಕಫ ಹೀರಿ ತೆಗೆಯುವುದು) ಮಾಡಿದ್ದೀಯಾ? ನಾನು ಹೇಳಿದಂತೆ ಅಂಚಿನಲ್ಲಿ ನೀವೇ ಬರೆದಿರಿ. ನಿದ್ದೆಗೆಟ್ಟ ಕಣ್ಣು, ಆದರೂ ಅಕ್ಷರ ದುಂಡಗೆ (ಡಾಕ್ಟರುಗಳು ನೋಡಿ ಕಲಿಯಬೇಕು). ‘ಮಾಡಿದ ಕೆಲಸ ಹೇಳಿಕೊಳ್ಳುವುದಕ್ಕೆ ನಾಚಿಕೆ ಯಾಕೆ?’ ಎಂದು ಗದರಿ, ಬ್ಯಾಗಿನಿಂದ ಹೇರ್‌ಪಿನ್ ತೆಗೆದು ನನ್ನ ಮುಂಗುರುಳಿಗೆ ಸಿಕ್ಕಿಸಿ, ಬಸ್ಸಿಗೆ ಓಡಿದಿರಿ.

ಒಳಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಮೊದಲು ಓದಿದ್ದು ಅಂಚಿನ ಬರಹವನ್ನೇ. ವೆಂಟಿಲೇಟರ್ ರೋಗಿಯ ತಲೆಭಾಗವನ್ನು ಎಷ್ಟು ಎತ್ತರಿಸಿಡುತ್ತೀರಿ ಎಂದು ಕೇಳಿದರು. 30ರಿಂದ 45 ಡಿಗ್ರಿ ಎಂದೆ. ನಿತ್ಯ ಮಾಡುತ್ತಿದ್ದ ಕೆಲಸ, ಧ್ವನಿ ನಡುಗಲಿಲ್ಲ. ಆಮೇಲಿನದೆಲ್ಲ ಮಾತುಕತೆಯಂತೆ ಸಾಗಿತು.

ಮುಂದಿನ ತಿಂಗಳು ಅಲ್ಲಿನ ಐಸಿಯುಗೆ ಸೇರುತ್ತಿದ್ದೇನೆ. ನೀವು ಯಾವ ವಾರ್ಡಿನವರು, ಸಿಸ್ಟರ್? ಹುಡುಕಿಕೊಂಡು ಬರುತ್ತೇನೆ, ಧನ್ಯವಾದವನ್ನು ಎದುರಿಗೇ ಹೇಳಬೇಕು.